ಕಟಿಂಗ್ ಮಾಸ್ಟರರ ಮಂಡಿ

ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಮಾಸ್ಟರ್ ಉಸಿರು ಬಿಗಿಹಿಡಿದು ನಿಂತರು. ಪರದೆ ಅವರೇ ಹೊಲಿದದ್ದು. ಗಿರಾಕಿಗಳ ಮಾನಕ್ಕೆ ಸಾಕಾಗುವಷ್ಟು ಬಟ್ಟೆ ಬಳಸಿ, ಉಳಿದದ್ದರಲ್ಲಿ ಮನೆಗೆ ದಿಂಬಿನ ಚೀಲ ಮಾಡಿಕೊಂಡಿದ್ದರು. ಆ ಉಳಿತಾಯದ ಫಲವಾಗಿ ಅವರ ಬಲಗಾಲು, ಪಾದದಿಂದ ಮಂಡಿಗೆ ಸುತ್ತಿದ ಪಟ್ಟಿಯವರೆಗೆ, ಪರದೆಯ ಕೆಳಗೆ ಬಟಾಬಯಲಾಗಿತ್ತು.

"ಅವರು ಇಲ್ಲ," ಎಂದು ಅಂಗಡಿಯ ಬಾಗಿಲಲ್ಲಿ ಹೆಂಡತಿ ಹೇಳುವುದು ಕೇಳಿಸಿತು.

"ನಡೆಯೋಕೆ ಕಷ್ಟ ಅಂತ ತಾನೇ ನನ್ನನ್ನ ಇಲ್ಲಿಗೆ ಕಳಿಸಿರೋದು? ಎಲ್ಲಿಗೆ ಹೋದ್ರು?" ಇದು ಪರಿಚಯವಿಲ್ಲದ ಹೆಣ್ಣು ದನಿ.

"ಇಲ್ಲೇ... ಹೊರಗೆ."

"ಆ ಕಾಲು ಯಾರದು?"

ಹೆಂಡತಿ ತಿರುಗಿ ನೋಡಿರಬೇಕು. ಮದುವೆಯಾದಂದಿನಿಂದ ಕಾಣುತ್ತ ಬಂದ ಕಾಲನ್ನು ಗುರುತು ಸಿಗದವಳಂತೆ ನೋಡುವುದು ಸುಲಭದ ಕೆಲಸವಲ್ಲ. "ಅದು ಗಿರಾಕಿದು," ಎಂದಳು.

"ಆಯ್ತು. ಗಿರಾಕಿಗೂ ಮಂಡಿಗೆ ಪಟ್ಟಿ ಇದೆ. ಅವರಿಂದಲೇ ಶುರು ಮಾಡೋಣ."

ಪರದೆ ಸರ್ರನೆ ಸರಿಯಿತು. ಮಾಸ್ಟರ್ ಕನ್ನಡಿಯ ಕಡೆ ಮುಖ ಮಾಡಿ ಕಾಲರ್ ಸರಿಪಡಿಸಿಕೊಳ್ಳುತ್ತಿರುವವರಂತೆ ನಟಿಸಿದರು. ಕನ್ನಡಿಯಲ್ಲಿ, ಅವರ ಭುಜದ ಹಿಂದೆ, ದುಂಡು ಮುಖದ ಒಬ್ಬ ಹೆಂಗಸು ಕಂಡಳು. ಹೆಲ್ಮೆಟ್ಟಿನಿಂದ ಕೂದಲು ಚಪ್ಪಟೆಯಾಗಿತ್ತು, ಹೆಗಲಲ್ಲಿ ಚೀಲ ಜೋತುಬಿದ್ದಿತ್ತು, ಬಾಯಲ್ಲಿ ಇನ್ನೂ ಅಗಿದು ಮುಗಿಯದ ಬಿಸ್ಕತ್ತಿತ್ತು. ದೊಡ್ಡವರ ಲಕ್ಷಣ ಒಂದೂ ಇರಲಿಲ್ಲ.

"ನಾನು ಫಿಸಿಯೋಥೆರಪಿ ಅಸಿಸ್ಟೆಂಟ್," ಎಂದಳು ಆಕೆ. "ಪಕ್ಕದ ರಸ್ತೇಲೇ ನನ್ನ ಮನೆ. ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ."

ಬೆಳಗ್ಗೆ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದ ಅಸಿಸ್ಟೆಂಟ್ ಎಂಬ ಆ ಒಂದು ಮಾತಿಗೆ ಹೆದರಿಯೇ ಮಾಸ್ಟರ್ ಪರದೆಯ ಹಿಂದೆ ಸೇರಿದ್ದು.

ಅಂಗಡಿಯ ಬೋರ್ಡಿನಲ್ಲಿ 'ಕಟಿಂಗ್ ಮಾಸ್ಟರ್' ಎಂಬ ಎರಡು ಪದಗಳಿವೆ. ಇಡೀ ಬೋರ್ಡಿನಲ್ಲಿ ಧೂಳು ಕಂಡರೂ ಮಾಸ್ಟರರ ಕಣ್ಣಿಗೆ ಬೀಳುವುದು ಎರಡನೆಯ ಪದದ ಮೇಲಿನ ಧೂಳು ಮಾತ್ರ. ಅದನ್ನು ಒರೆಸಲು ಸ್ಟೂಲು ಹತ್ತಿ, ಕೊನೆಯ ಅಕ್ಷರದ ಕಡೆ ಒಂದಿಷ್ಟು ಹೆಚ್ಚೇ ಬಾಗಿ, ರಸ್ತೆಗೆ ಮಂಡಿಯೂರಿದ್ದರು. ಚಿಪ್ಪು ಒಡೆಯಿತು. ಆಸ್ಪತ್ರೆಯವರು ಕಟ್ಟಿದರು, ಬಿಚ್ಚಿದರು, ಮೂಳೆ ಕೂಡಿಕೊಂಡಿತು. ಆದರೆ ಕಾಲು ಮಾತ್ರ ಗಜಕಡ್ಡಿಯ ಹಾಗೆ ನೆಟ್ಟಗೇ ಉಳಿಯಿತು. ಅಲ್ಲಿನ ಫಿಸಿಯೋಥೆರಪಿಸ್ಟ್ ಮಂಡಿಯನ್ನು ತಿರುಗಿಸಿ, ಒತ್ತಿ, ಅಳೆದು, "ದಿನಾ ವ್ಯಾಯಾಮ ಮಾಡಿಸಬೇಕು. ನಿಮ್ಮ ಮನೆಗೇ ಜನ ಕಳಿಸ್ತೀವಿ" ಅಂದಿದ್ದರು. ಮಾಸ್ಟರ್ ಅಲ್ಲಿಂದ ಊರುಗೋಲು ಕುಟ್ಟಿಕೊಂಡು ನೇರ ಹೋದದ್ದು ಅಂಗಡಿಯ ಎದುರಿನ ಸೆಲೂನಿಗೆ. "ನಮ್ಮ ಕೇಸು ಸಾಮಾನ್ಯದ್ದಲ್ಲ ಕಣಯ್ಯ. ಆಸ್ಪತ್ರೆಯ ದೊಡ್ಡವರೇ ಅಂಗಡಿಗೆ ಬರ್ತಾರೆ," ಎಂದು ಸೆಲೂನಿನವನಿಗೆ ಹೇಳಿದರು. ಸೆಲೂನಿನವನಿಗೆ ಹೇಳುವುದೂ ಬೀದಿಯ ನಡುವೆ ನಿಂತು ಮೈಕಿನಲ್ಲಿ ಹೇಳುವುದೂ ಒಂದೇ. ಅವನ ಕೈಯಲ್ಲಿ ದಿನವಿಡೀ ಯಾರದಾದರೂ ತಲೆ ಇರುತ್ತದೆ, ತಲೆಯ ಜೊತೆ ಎರಡು ಕಿವಿ.

ಈಗ ಬಂದವಳು ಅಸಿಸ್ಟೆಂಟು. ಹೊಲಿಗೆಯ ಕಸುಬಿನಲ್ಲಿ ಅಸಿಸ್ಟೆಂಟ್ ಎಂದರೆ ಯಾರು? ಕಾಜಾ ಹಾಕುವವನು, ಗುಂಡಿ ಹಚ್ಚುವವನು, ದಾರದ ತುಣುಕು ಗುಡಿಸುವವನು. ಮಾಸ್ಟರರ ಅಂಗಡಿಯಲ್ಲಿ ಆ ಹುದ್ದೆ ಅವರ ಭಾಮೈದನದು. ಅವನು ಹಚ್ಚಿದ ಗುಂಡಿಗಳು ಗಿರಾಕಿ ಮನೆ ಮುಟ್ಟುವ ಮೊದಲೇ ರಾಜೀನಾಮೆ ಕೊಡುತ್ತಿದ್ದವು. ಅಂಥ ದರ್ಜೆಯ ಜೀವಿಯೊಂದರ ಕೈಗೆ ತಮ್ಮ ಮಂಡಿಯನ್ನು ಒಪ್ಪಿಸುವುದೇ?

"ನೋಡಮ್ಮ," ಎಂದರು ಮಾಸ್ಟರ್, ಗಂಟಲು ಸರಿಮಾಡಿಕೊಂಡು. "ನಿನ್ನ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಮೊದಲು ನಿನ್ನ ಕೆಲಸ ಹೇಗಿದೆ ಅಂತ ನೋಡಬೇಕಲ್ಲ. ಲೋ, ಬಾರೋ ಇಲ್ಲಿ."

ಭಾಮೈದ ಮೆಷಿನ್ ಬಿಟ್ಟು ಎದ್ದು ಬಂದ.

"ಇವನೂ ನಾನೂ ಒಂದೇ ಅಳತೆ. ನನ್ನ ಪ್ಯಾಂಟೆಲ್ಲ ಇವನಿಗೆ ಹಾಕಿಸಿಯೇ ಟ್ರಯಲ್ ನೋಡೋದು. ನೀನು ಇವನ ಕಾಲಿಗೆ ವ್ಯಾಯಾಮ ಮಾಡಿಸು. ಸರಿಹೋದ್ರೆ ನನಗೆ ಮಾಡು."

ಆಕೆ ಬಿಸ್ಕತ್ತು ನುಂಗಿ ಭಾಮೈದನನ್ನು ಮೇಲಿಂದ ಕೆಳಗೆ ನೋಡಿದಳು. "ಇವರ ಮಂಡಿ ಮಡಚುತ್ತಾ?"

"ಮಡಚುತ್ತಲ್ಲ," ಎಂದು ಭಾಮೈದ ಕೂತು ಎದ್ದು ತೋರಿಸಿದ.

"ಹಾಗಾದ್ರೆ ಇವರಿಗೆ ನನ್ನಿಂದ ಏನೂ ಆಗಬೇಕಿಲ್ಲ. ನಿಮಗೆ ಆಗಬೇಕು. ಹೋಗಿ ಅನ್ನಿ, ಹೋಗ್ತೀನಿ. ಕಾಲು ಹೀಗೇ ಇರುತ್ತೆ, ನಿಂತ್ಕೊಂಡೇ ಊಟ ಮಾಡಿ, ನಿಂತ್ಕೊಂಡೇ ಹೊಲಿಯಿರಿ."

ಆ ಕೊನೆಯ ಮಾತು ಸೂಜಿಯ ಹಾಗೆ ಹೊಕ್ಕಿತು. ಮಾಸ್ಟರರ ಮೆಷಿನ್ ಕಾಲಿನಿಂದ ತುಳಿಯುವಂಥದ್ದು. ಮಂಡಿ ಮಡಚದೆ ಅದರ ಮುಂದೆ ಕೂರುವಂತಿಲ್ಲ, ಕೂತರೂ ಪೆಡಲ್ ಮೇಲೆ ಪಾದ ಹೋಗುವುದಿಲ್ಲ. ಅವರು ಬಿದ್ದ ಮಾರನೆಯ ದಿನದಿಂದ ಭಾಮೈದ ಅಲ್ಲಿ ಕೂರತೊಡಗಿದ್ದ. ಮೊದಲು ಸುಮ್ಮನೆ ಕೂತಿದ್ದ. ಆಮೇಲೆ ಸ್ಟೂಲಿಗೆ ತನ್ನದೊಂದು ದಿಂಬು ಹಾಕಿಕೊಂಡ. ನಿನ್ನೆ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು "ಮಾಸ್ಟ್ರೇ" ಎಂದು ಕರೆದಾಗ, "ಹ್ಞಾಂ, ಹೇಳಿ" ಎಂದಿದ್ದೂ ಅವನೇ. ಮಾಸ್ಟರ್ ಮೂಲೆಯಲ್ಲಿ ಕಾಲು ಚಾಚಿಕೊಂಡು ಅದನ್ನು ಕಿವಿಯಾರೆ ಕೇಳಿದ್ದರು.

ಅವರು ಕಟಿಂಗ್ ಟೇಬಲ್ಲಿನ ಮೇಲೆ ಹತ್ತಿ ಮಲಗಿದರು. ಆಕೆ ಹಿಮ್ಮಡಿಯ ಕೆಳಗೆ ಬಟ್ಟೆ ಹಾಸಿ, "ಹಿಮ್ಮಡಿ ಜಾರಿಸ್ಕೊಂಡು ನಿಮ್ಮ ಕಡೆ ಎಳ್ಕೊಳ್ಳಿ. ಇನ್ನೂ. ಇನ್ನೂ. ಹಲ್ಲು ಕಚ್ಚಬೇಡಿ, ಮಂಡಿಗೂ ಹಲ್ಲಿಗೂ ಸಂಬಂಧ ಇಲ್ಲ," ಎನ್ನುತ್ತಿದ್ದಂತೆ ಸೆಲೂನಿನವನು ರಸ್ತೆ ದಾಟಿ ಬಂದ. ಅವನ ಕುರ್ಚಿಯಲ್ಲಿ ಅರ್ಧ ಗಡ್ಡ ಉಳಿದಿದ್ದ ಗಿರಾಕಿ ಅಲ್ಲಿಂದಲೇ ಕತ್ತು ಚಾಚಿದ್ದ.

"ಮಾಸ್ಟ್ರೇ, ದೊಡ್ಡವರು ಅಂದ್ರಲ್ಲ, ಇವರೇನಾ?"

ನಿಜ ಹೇಳಲು ಅದೊಂದು ಒಳ್ಳೆಯ ಗಳಿಗೆಯಾಗಿತ್ತು. ಇಂಥ ಗಳಿಗೆಗಳನ್ನು ಮನುಷ್ಯ ಹೇಗೆ ಬಳಸಿಕೊಳ್ಳುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿದೆ. "ಹ್ಞೂಂ," ಎಂದರು ಮಾಸ್ಟರ್, ಸೀಲಿಂಗ್ ನೋಡುತ್ತ. "ಇವರೇ."

"ಮೇಡಂ, ನನ್ನ ಈ ಭುಜ ಸ್ವಲ್ಪ ನೋಡಿ. ಕತ್ತರಿ ಹಿಡಿದೂ ಹಿಡಿದೂ ಮೇಲೆ ಏಳ್ತಾ ಇಲ್ಲ."

"ನಾನು ನೋಡೋ ಹಾಗಿಲ್ಲ," ಎಂದಳು ಆಕೆ, ಮಾಸ್ಟರರ ಪಾದವನ್ನು ಬಿಡದೆ. "ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಏನಾಗಿದೆ ಅಂತ ಕಂಡುಹಿಡಿಯೋರು ಅವರು. ಏನು ಮಾಡಿಸಬೇಕು ಅಂತ ಅವರು ಹೇಳಿದ್ರೆ, ಅದನ್ನ ನಾನು ಮಾಡಿಸ್ತೀನಿ. ಅಷ್ಟೇ ನನ್ನ ಕೆಲಸ."

ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಸೆಲೂನಿನವನು ಅಷ್ಟೇ ಸ್ಪಷ್ಟವಾಗಿ ತಪ್ಪು ತಿಳಿದುಕೊಂಡ. ಅರ್ಧ ಗಡ್ಡದವನ ಬಳಿ ವಾಪಸು ಹೋಗಿ, "ಮುಟ್ಟಲೇ ಇಲ್ಲ ಸಾರ್. ಕಣ್ಣೆತ್ತಿ ಕೂಡ ನೋಡಲಿಲ್ಲ. ಸಣ್ಣಪುಟ್ಟವರಾಗಿದ್ರೆ ಇಷ್ಟು ಹೊತ್ತಿಗೆ ನನ್ನ ತೋಳು ತಿರುಚಿ ಕೈಗೆ ಕೊಟ್ಟಿರ್ತಿದ್ರು. ಬಹಳ ದೊಡ್ಡವರು," ಎಂದ.

ಅಲ್ಲಿಂದ ಮುಂದೆ ಬೀದಿಯಲ್ಲಿ ಆಕೆಯ ಪದವಿ ತಾನಾಗಿಯೇ ಏರತೊಡಗಿತು. ಏರಲು ಆಕೆ ಮಾಡಬೇಕಾದದ್ದು ಇಷ್ಟೇ, ಆಗಲ್ಲ ಅನ್ನುವುದು. ಕಟ್ಟಡದ ಓನರಮ್ಮ ಬೆನ್ನು ಹಿಡಿದುಕೊಂಡು ಬಂದರು. ಆಗಲ್ಲ ಎನ್ನಿಸಿಕೊಂಡರು. "ನನ್ನ ಬೆನ್ನಿಗೆ ಇವತ್ತಿನವರೆಗೆ ಯಾರೂ ಹೀಗಂದಿಲ್ಲ," ಎಂದು ಅವಮಾನದಿಂದಲೋ ಭಕ್ತಿಯಿಂದಲೋ ಗೊತ್ತಾಗದಂತೆ ಕೈಮುಗಿದು ಹೋದರು, ಮರುದಿನ ತಂಗಿಯ ಬೆನ್ನನ್ನೂ ಕರೆತಂದರು. ಅಂಗಡಿಯ ಮುಂದೆ ಕತ್ತು, ಸೊಂಟ, ಹಿಮ್ಮಡಿಗಳ ಸಾಲು ಬೆಳೆಯಿತು. ಭಾಮೈದ ಆ ಸಾಲನ್ನೇ ನೋಡುತ್ತ ಕೂರುತ್ತಿದ್ದ. ಅವನು ಹಾಗೆ ಯೋಚಿಸುವುದನ್ನು ಅಕ್ಕ ಮೊದಲು ಎಂದೂ ಕಂಡಿರಲಿಲ್ಲ. ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಿದಳು.

ಇದರ ನಡುವೆ ಮಂಡಿ ನಿಧಾನಕ್ಕೆ ದಾರಿಗೆ ಬರುತ್ತಿತ್ತು. ಆಕೆಯ ಚೀಲದಲ್ಲಿ ಕೋನ ಅಳೆಯುವ ಎರಡು ಪಟ್ಟಿಯ ಒಂದು ಸಾಧನವಿತ್ತು. ಅದನ್ನು ಮಂಡಿಗೆ ಹಿಡಿದು, ಬರೆದುಕೊಂಡು, ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಹೇಳುತ್ತಿದ್ದಳು. ಅಳತೆ ಎಂದರೆ ಮಾಸ್ಟರರಿಗೆ ಮೊದಲಿನಿಂದಲೂ ಗೌರವ. ಆದರೆ ಒಂದು ಬೆಳಗ್ಗೆ ಆಕೆ ಮಂಡಿ ಮುಟ್ಟಿದವಳೇ ಕೈ ಹಿಂದೆ ತೆಗೆದಳು.

"ಇದ್ಯಾಕೆ ಊದಿದೆ? ಬಿಸಿ ಬೇರೆ."

"ಸೆಲೂನಿನವನು ನಿನ್ನೆ ಸ್ವಲ್ಪ ಎಣ್ಣೆ ಹಚ್ಚಿ ಉಜ್ಜಿದ," ಎಂದರು ಮಾಸ್ಟರ್. "ತಲೆಗೆ ಉಜ್ಜೋದ್ರಲ್ಲಿ ಅವನ ಕೈ ಬಹಳ ಒಳ್ಳೇದು. ಹೇಗೂ ಬಂದಿದ್ದ, ಉಜ್ಜು ಅಂದೆ."

"ಮಂಡಿ ತಲೆ ಅಲ್ಲ ಮಾಸ್ಟ್ರೇ. ಇವತ್ತು ವ್ಯಾಯಾಮ ಬೇಡ. ಫಿಸಿಯೋಥೆರಪಿಸ್ಟ್ ಅವರನ್ನ ಕೇಳ್ತೀನಿ."

"ಅವರನ್ನ ಏನು ಕೇಳೋದು? ನಿಮಗೇ ಎಲ್ಲ ಗೊತ್ತಲ್ಲ." ಮಾಸ್ಟರ್ ತಾವು ಯಾವಾಗ ಬಹುವಚನಕ್ಕೆ ಬಂದೆವೆಂದು ಸ್ವತಃ ಗಮನಿಸಿರಲಿಲ್ಲ. "ಹಾಗೆ ನೋಡಿದ್ರೆ ಆ ಓನರಮ್ಮನ ಬೆನ್ನಿಗೂ ಏನಾದ್ರೂ ಒಂದು ಹೇಳಿಬಿಡಿ. ಬಾಡಿಗೆ ಕೇಳೋಕೆ ಬಂದಾಗಲೆಲ್ಲ ಬೆನ್ನಿನ ವಿಷಯವೇ ಎತ್ತಾರೆ."

ಆಕೆ ಫೋನ್ ಕೈಯಲ್ಲಿ ಹಿಡಿದು ಭಾಮೈದನ ಕಡೆ ತಲೆ ಆಡಿಸಿದಳು. "ನೀವು ಊಟಕ್ಕೆ ಹೋದಾಗ ಇವರು ನಿಮ್ಮ ಕತ್ತರಿ ತಗೊಂಡು ಯಾರದೋ ಕೋಟಿನ ಬಟ್ಟೆ ಕತ್ತರಿಸಿದ್ರೆ?"

"ಕೈ ಮುರೀತೀನಿ."

"ಯಾಕೆ? ಇವರಿಗೂ ದಿನಾ ನೋಡಿ ಗೊತ್ತಲ್ಲ."

"ಅಳತೆ ತಗೊಂಡವನು ನಾನು. ಯಾವ ಭುಜ ತಗ್ಗು, ಯಾವುದು ಎತ್ತರ ಅಂತ ನೋಡಿರೋದು ನಾನು. ಗುರುತು ಹಾಕಿದ ಗೆರೆ ಮೇಲೆ ಹೊಲಿಯೋದು ಬಿಟ್ಟು ಅವನು..." ಮಾಸ್ಟರರ ಬಾಯಿ ಹಾಗೇ ತೆರೆದಿತ್ತು.

"ಗೆರೆ ಮೇಲೆ ಹೊಲಿಯೋಳು ನಾನು," ಎಂದಳು ಆಕೆ. "ಚೆನ್ನಾಗಿ ಹೊಲಿತೀನಿ. ಬಟ್ಟೆ ಎಲ್ಲಾದ್ರೂ ಸುಕ್ಕಾದ್ರೆ ನಿಲ್ಲಿಸಿ ಕೇಳ್ತೀನಿ. ಹೊಲೀದೆ ಇದ್ರೆ ನೀವು ಕತ್ತರಿಸಿದ್ದು ಚಿಂದಿ ತಾನೇ? ಇದರಲ್ಲಿ ನಾಚಿಕೆ ಪಡೋಕೆ ಏನಿದೆ ಅಂತ ನೀವು ನನ್ನನ್ನ ದೊಡ್ಡವರು ಮಾಡ್ತಿದ್ದೀರೋ ನನಗಂತೂ ತಿಳೀತಿಲ್ಲ."

ಮಾಸ್ಟರರಿಗೆ ಕಿವಿಯವರೆಗೆ ಬಿಸಿಯಾಯಿತು. ಮಂಡಿಯ ಬಿಸಿ ಬೇರೆ. "ಅರ್ಥ ಆಯ್ತು," ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಇದನ್ನ ಸೆಲೂನಿನವನಿಗೆ ಹೇಳಬೇಡಿ."

"ಎಲ್ಲರಿಗೂ ದಿನಾ ಅದನ್ನೇ ಹೇಳ್ತಿದ್ದೀನಿ ಮಾಸ್ಟ್ರೇ. ಒಬ್ಬರಾದ್ರೂ ಕೇಳಿಸ್ಕೊಳ್ಳಲಿ."

ಊತ ಇಳಿಯಿತು. ಫಿಸಿಯೋಥೆರಪಿಸ್ಟ್ ಒಮ್ಮೆ ಬಂದು ನೋಡಿ, ವ್ಯಾಯಾಮ ಬದಲಿಸಿ, ಸ್ಟೂಲಿನ ಮೇಲೆ ಕೂತು ಕಾಲು ಹಿಂದಕ್ಕೆ ಎಳೆದುಕೊಳ್ಳುವುದನ್ನು ಸೇರಿಸಿ ಹೋದರು. ಸಾದಾ ಅಂಗಿಯ, ಮೆದು ಮಾತಿನ ಅವರನ್ನು ಬೀದಿಯವರು ಮೇಡಮ್ಮಿನ ಸಹಾಯಕ ಎಂದು ತಿಳಿದು ಸಾಲಿನ ಕೊನೆಗೆ ನಿಲ್ಲಿಸಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಮಾಸ್ಟರ್ ಅಂಗಡಿಯ ಹಿಂದಿನ ಮನೆಯಿಂದ ಹೊರಟು ನಡುಬಾಗಿಲು ತೆರೆದರೆ, ಅಂಗಡಿಯೇ ಇರಲಿಲ್ಲ. ಗೋಡೆ ಇತ್ತು, ಚಾವಣಿ ಇತ್ತು. ಕಟಿಂಗ್ ಟೇಬಲ್ಲಿನ ಮೇಲೆ ಬಿಳಿ ಹಾಸಿಗೆ, ಟ್ರಯಲ್ ರೂಮಿನ ಮೇಲೆ 'ಪರೀಕ್ಷಾ ಕೊಠಡಿ' ಎಂಬ ಚೀಟಿ. ಹ್ಯಾಂಗರುಗಳಲ್ಲಿ ಒಂದೂ ಬಟ್ಟೆಯಿಲ್ಲ. ಮೆಷಿನ್ ಇರುತ್ತಿದ್ದ ಜಾಗದಲ್ಲಿ ಒಂದು ಮೆತ್ತನೆಯ ಕುರ್ಚಿ.

"ಭಾವ, ಕಣ್ಣು ಮುಚ್ಕೊಂಡು ಬನ್ನಿ ಅನ್ನೋಣ ಅಂತಿದ್ದೆ," ಎಂದ ಭಾಮೈದ. ಅವನ ಮೈಮೇಲಿದ್ದದ್ದು ಮಾಸ್ಟರರ ಕೋಟು. ಅಳತೆ ಒಂದೇ ಆಗಿದ್ದರಿಂದ ಚೆನ್ನಾಗಿ ಕೂತಿತ್ತು. "ಎಲ್ಲ ಆಯ್ತು. ಓನರಮ್ಮ ಒಪ್ಪಿದ್ರು, ವಾರ್ಡ್ ಮೆಂಬರ್ ಬರ್ತಿದ್ದಾರೆ. ಬಟ್ಟೆಗೆ ಬರೋ ಜನ ಎಷ್ಟು, ಬೆನ್ನಿಗೆ ಬರೋ ಜನ ಎಷ್ಟು, ನೀವೇ ನೋಡಿದ್ದೀರಲ್ಲ. ಮೇಡಮ್ಮು ಡಾಕ್ಟರು, ನಾನು ಮ್ಯಾನೇಜರು. ನೀವು ಈ ಕುರ್ಚೀಲಿ ಕೂತು ಚೀಟಿ ಕೊಡ್ತಾ ಇದ್ರೆ ಸಾಕು. ಮಂಡಿ ಮಡಚೋ ರಗಳೆಯೇ ಇಲ್ಲ, ಕಾಲು ನೀಡ್ಕೊಂಡು ಕೂರಬಹುದು."

"ನನ್ನ ಮೆಷಿನ್ ಎಲ್ಲೋ?"

"ಹೊರಗಿದೆ. ಗುಜರಿಯವನು ಬರ್ತೀನಿ ಅಂದಿದ್ದಾನೆ."

ಮಾಸ್ಟರರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಲೋ, ನಿನ್ನ ತಲೆಗೆ ಜ್ವರ ಬಂದಿತ್ತು ಅಂತ ನಾನು ಅವತ್ತೇ ಅಂದ್ಕೊಂಡೆ," ಎಂದಳು.

ಹೊರಗೆ ಬೀದಿ ತುಂಬಿತ್ತು. ಬಾಗಿಲಿಗೆ ಅಡ್ಡಲಾಗಿ ಕೆಂಪು ಕಾಗದದ ಪಟ್ಟಿ. ಮೇಲಿನ ಬೋರ್ಡಿನಲ್ಲಿ 'ಕಟಿಂಗ್ ಮಾಸ್ಟರ್' ಇದ್ದ ಕಡೆ ಹೊಸ ಹಲಗೆ ಬಿಗಿದಿತ್ತು: 'ಮೂಳೆ ಮತ್ತು ಕೀಲು ಚಿಕಿತ್ಸಾಲಯ. ಮುಖ್ಯ ವೈದ್ಯರು ಮೇಡಂ. ಉದ್ಘಾಟನೆ ವಾರ್ಡ್ ಸದಸ್ಯರಿಂದ.' ಸದಸ್ಯರು ಎಂಬ ಪದ ಉಳಿದೆಲ್ಲಕ್ಕಿಂತ ದಪ್ಪಗಿತ್ತು. ಆ ಸದಸ್ಯರು ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದನ್ನು ಜನರ ಕಡೆ ಬೀಸುತ್ತ ನಿಂತಿದ್ದರು. ಸ್ಕೂಟರಿನಿಂದ ಇಳಿಯುತ್ತಿದ್ದಂತೆಯೇ ಆಕೆ ಹಲಗೆ ಓದಿದಳು. ಓದಿ ಹೆಲ್ಮೆಟ್ ತೆಗೆಯಲೇ ಇಲ್ಲ.

"ಇದನ್ನ ಇಳಿಸಿ."

"ಮೇಡಂದು ಬಹಳ ಸರಳ ಸ್ವಭಾವ," ಎಂದರು ಮೆಂಬರ್ ಜನರಿಗೆ. ಜನ ಚಪ್ಪಾಳೆ ತಟ್ಟಿದರು.

"ಸರಳ ಅಲ್ಲ. ನಾನು ಡಾಕ್ಟರ್ ಅಲ್ಲ, ಅಸಿಸ್ಟೆಂಟ್. ಈ ಬೋರ್ಡಿನ ಕೆಳಗೆ ನಿಂತ್ರೆ ನನ್ನ ಕೆಲಸ ಹೋಗುತ್ತೆ, ಪೊಲೀಸರೂ ಬರ್ತಾರೆ. ಇದನ್ನ ಇಳಿಸೋವರೆಗೆ ನಾನು ಮಾಸ್ಟ್ರ ಮಂಡಿಗೂ ಕೈ ಹಚ್ಚಲ್ಲ."

"ಅಲ್ನೋಡಿ, ಮತ್ತೆ ಆಗಲ್ಲ ಅಂದ್ರು," ಎಂದ ಸೆಲೂನಿನವನು, ಹೆಮ್ಮೆಯಿಂದ.

"ಕತ್ತರಿ ಎಲ್ಲಿ, ಕತ್ತರಿ," ಎಂದು ಮೆಂಬರ್ ಕೈ ಚಾಚಿದರು. ಭಾಮೈದ ಓಡಿಹೋಗಿ ತಂದುಕೊಟ್ಟ. ಕಪ್ಪು ಹಿಡಿಯ, ಉದ್ದನೆಯ, ಮಾಸ್ಟರ್ ಬಿಟ್ಟರೆ ಯಾರೂ ಮುಟ್ಟದ, ಬಟ್ಟೆಯಲ್ಲದೆ ಬೇರೇನನ್ನೂ ಕಂಡಿರದ ಕತ್ತರಿ. ಅದು ಕೆಂಪು ಕಾಗದದ ಪಟ್ಟಿಯ ಎರಡೂ ಕಡೆ ಬಾಯಿ ತೆರೆದು ನಿಂತಿತು.

ಕಾಗದ ಕತ್ತರಿಸಿದರೆ ಬಟ್ಟೆ ಕತ್ತರಿಯ ಅಲಗು ಹಾಳು. ಇದನ್ನು ಯಾವ ಟೈಲರಿನ ಮನೆಯ ಮಗುವಾದರೂ ಹೇಳುತ್ತದೆ. ಮಾಸ್ಟರ್ ಊರುಗೋಲು ಬಿಟ್ಟರು, ಪಟ್ಟಿಯ ಕೆಳಗೆ ತಲೆ ತಗ್ಗಿಸಿ ದಾಟಿದರು, ವಾರ್ಡ್ ಸದಸ್ಯರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ಕಿತ್ತುಕೊಂಡರು.

ಚಪ್ಪಾಳೆ ನಿಂತಿತು.

"ಏನ್ರೀ ಇದು?" ಎಂದರು ಮೆಂಬರ್.

"ಆಯಮ್ಮ ಹೇಳ್ತಿರೋದು ನಿಜ. ಅಸಿಸ್ಟೆಂಟೇ ಅವರು. ದೊಡ್ಡವರು ಅಂದಿದ್ದು ನಾನು. ನನ್ನ ಮರ್ಯಾದೆಗೆ ಅಂದಿದ್ದು."

ಬೀದಿಯಲ್ಲಿ ಒಂದು ದೊಡ್ಡ ಗುಸುಗುಸು ಎದ್ದಿತು. "ಅಸಿಸ್ಟೆಂಟಾ?" ಎಂದು ಓನರಮ್ಮ ಬೆನ್ನು ಹಿಡಿದುಕೊಂಡರು. "ಒಬ್ಬ ಅಸಿಸ್ಟೆಂಟ್ ನನ್ನ ಬೆನ್ನಿಗೆ ಆಗಲ್ಲ ಅಂದಳಾ?"

"ಅಸಿಸ್ಟೆಂಟ್ ಆಗಿರೋದಕ್ಕೇ ಆಗಲ್ಲ ಅಂದ್ರು ಓನರಮ್ಮ," ಎಂದರು ಮಾಸ್ಟರ್. ಅವರ ಕಣ್ಣು ಜನರ ಮೇಲಿರಲಿಲ್ಲ. ಫುಟ್‌ಪಾತಿನ ಅಂಚಿನಲ್ಲಿ, ಗುಜರಿಯವನಿಗಾಗಿ ಕಾಯುತ್ತ, ಮೆಷಿನ್ ಬಿಸಿಲಲ್ಲಿ ನಿಂತಿತ್ತು. ಸೂಜಿಯಲ್ಲಿ ದಾರ ಇನ್ನೂ ಇತ್ತು. ಸೂಜಿಪಾದದ ಕೆಳಗೆ ಯಾರದೋ ಅಂಗಿಯ ತೋಳು ಅರ್ಧ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ಅವರು ಕುಂಟುತ್ತ ಹೋಗಿ ಸ್ಟೂಲಿನಿಂದ ಭಾಮೈದನ ದಿಂಬು ಎತ್ತಿ ಎಸೆದು ಕೂತರು.

ಎಡಗಾಲು ಒಳಗೆ ಹೋಯಿತು. ಬಲಗಾಲು ಹೋಗಲಿಲ್ಲ.

ಆಕೆ ಹತ್ತಿರ ಬಂದಳು, ಹೆಲ್ಮೆಟ್ಟಿನ ಸಮೇತ. ಒಮ್ಮೆ ಹಲಗೆಯ ಕಡೆ ನೋಡಿದಳು. ಅಷ್ಟರಲ್ಲಿ ಮಾಸ್ಟರರ ಹೆಂಡತಿ ಗೋಡೆಗೆ ಇನ್ನೊಂದು ಸ್ಟೂಲು ಹಾಕಿಕೊಂಡು ಹತ್ತಿ, ತಮ್ಮನ ಹೊಸ ಹಲಗೆಯನ್ನು ಎರಡೂ ಕೈಯಿಂದ ಅಲ್ಲಾಡಿಸುತ್ತಿದ್ದಳು. ಅದು ಅವನು ಹಚ್ಚಿದ ಗುಂಡಿಯಷ್ಟೇ ಸುಲಭವಾಗಿ ಕಿತ್ತು ಬಂತು.

"ಸ್ಟೂಲಿನ ಮೇಲೆ ಮಾಡಿದ್ದು ನೆನಪಿದೆಯಲ್ಲ, ಅದೇ," ಎಂದಳು ಆಕೆ ಮಾಸ್ಟರರಿಗೆ. "ಹಿಮ್ಮಡಿ ನೆಲಕ್ಕೆ ಊರಿ, ಹಿಂದಕ್ಕೆ ಎಳ್ಕೊಳ್ಳಿ. ಸೊಂಟ ಎತ್ತಬೇಡಿ. ಎಳೆತ ಇರುತ್ತೆ, ಇರಲಿ. ಚುಚ್ಚಿದ್ರೆ ನಿಲ್ಲಿಸಿ."

"ಚುಚ್ಚುತ್ತಿಲ್ಲ."

"ಸುಳ್ಳು ಹೇಳಬೇಡಿ."

"ಸುಳ್ಳು ಇವತ್ತು ಮುಗೀತು."

ಪಾದ ಒಂದಿಷ್ಟು ಸರಿಯಿತು. ಇನ್ನೊಂದಿಷ್ಟು. ಮಾಸ್ಟರರ ಹಣೆಯ ಬೆವರು ಮೂಗಿನ ತುದಿಗೆ ಬಂದು ತೂಗಾಡಿತು. ಪೆಡಲಿನ ಅಂಚು ಬೆರಳಿಗೆ ತಾಗಿತು, ಅಂಗಾಲಿಗೆ ತಾಗಿತು. ಅವರು ಒತ್ತಿದರು. ಚಕ್ರ ಮೊದಲು ಹಿಂದಕ್ಕೆ ಹೊರಳಿ ದಾರ ಎಳೆಯಿತು. ಅಂಗೈಯಿಂದ ಅದನ್ನು ಮುಂದಕ್ಕೆ ತಳ್ಳಿ ಮತ್ತೆ ಒತ್ತಿದರು. ಕಟ್. ಕಟ್ ಕಟ್. ಯಾರದೋ ಅಂಗಿಯ ತೋಳಿನ ಮೇಲೆ ಹೊಲಿಗೆ ಓಡಿತು, ಸೊಟ್ಟಗೆ, ಆದರೆ ಓಡಿತು.

ಅರ್ಧ ಗಡ್ಡ, ಪೂರ್ತಿ ಗಡ್ಡ, ಕತ್ತು, ಸೊಂಟ, ಎಲ್ಲವೂ ಮೆಂಬರನ್ನು ಬಿಟ್ಟು ಮೆಷಿನ್ ಸುತ್ತ ನೆರೆದವು. ಮೆಂಬರರಿಗೆ ಇದು ಹಿಡಿಸಲಿಲ್ಲ. ಫೋಟೋ ತೆಗೆಯುವವನಿಗೆ ಹೇಳಿಕಳಿಸಿಯಾಗಿತ್ತು, ಭಾಷಣ ಬಾಯಲ್ಲಿತ್ತು. ಅವರು ಜನರನ್ನು ಸರಿಸಿಕೊಂಡು ಬಂದು, ಸೊಂಟ ಬಗ್ಗದಿದ್ದರೂ ಬಗ್ಗಿಸಿ, ಮಾಸ್ಟರರ ಕಿವಿಯ ಹತ್ತಿರ ಬಾಯಿ ತಂದರು.

"ಮಾಸ್ಟ್ರೇ, ನನ್ನ ಮಾತು ಕೇಳಿ. ಈಗಲೇ ನಿಮ್ಮ ಮೆಷಿನ್ ಒಳಗಿಡಿಸ್ತೀನಿ, ಅದೇ ಜಾಗದಲ್ಲಿ. ಓನರಮ್ಮನಿಗೆ ನಾನು ಹೇಳ್ತೀನಿ, ಇನ್ನು ಯಾರೂ ನಿಮ್ಮನ್ನ ಅಲ್ಲಿಂದ ಅಲ್ಲಾಡಿಸಲ್ಲ. ಬೋರ್ಡೂ ನಿಮ್ಮದೇ ಇರಲಿ. ನನಗೆ ಬೇಕಾಗಿರೋದು ಒಂದೇ ಮಾತು. ಎದ್ದು ನಿಂತು ಇವರೆಲ್ಲರ ಮುಂದೆ, ಆಗ ಹೇಳಿದ್ದು ತಮಾಷೆಗೆ, ಮೇಡಂ ಡಾಕ್ಟರೇ ಅಂತ ಹೇಳಿಬಿಡಿ. ಅಷ್ಟೇ."

ಮಾಸ್ಟರ್ ತೋಳಿನ ಬಟ್ಟೆಯನ್ನು ತಿರುಗಿಸಿ ಸೂಜಿಯ ಕೆಳಗಿಟ್ಟರು. ಪೆಡಲ್ ಒತ್ತಿದರು.

"ಹೇಳಲ್ಲ," ಎಂದರು.